ಯಜಮಾನನಿಲ್ಲದ ಒಮ್ಮತ



ಭಜನೆಯ ನಡುವೆ ಕುಳಿತು ನೀವು ಎಂದಾದರೂ ತಾಳ ಹಾಕಿದ್ದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬೇಕು. ಪದ ಶುರುವಾದಾಗ ಇದ್ದ ಲಯ ಮುಗಿಯುವ ಹೊತ್ತಿಗೆ ಇರುವುದಿಲ್ಲ. ನಿಧಾನವಾಗಿ ಹೊರಟದ್ದು ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಓಡತೊಡಗಿರುತ್ತದೆ. "ಈಗ ವೇಗ ಹೆಚ್ಚಿಸಿ" ಎಂದು ಯಾರೂ ಹೇಳಿರುವುದಿಲ್ಲ. ಆದರೂ ಇಪ್ಪತ್ತು ಜೋಡಿ ತಾಳಗಳು ಒಂದೇ ಏಟಿಗೆ ಬೀಳುತ್ತಿರುತ್ತವೆ. ಪ್ರತಿಯೊಬ್ಬರೂ ಪಕ್ಕದವರ ತಾಳವನ್ನು ಕಿವಿಗೊಟ್ಟು ಕೇಳಿ ತಮ್ಮದನ್ನು ಒಂದಿಷ್ಟು ಹೊಂದಿಸಿಕೊಂಡಿರುತ್ತಾರೆ, ಅಷ್ಟೆ.

ಇದು ಭಜನೆಗೆ ಮಾತ್ರ ಸೇರಿದ್ದಲ್ಲ. ನಾಟಕ ಮುಗಿದ ಮೇಲೆ ಪ್ರೇಕ್ಷಕರು ಹೊಡೆಯುವ ಚಪ್ಪಾಳೆಯನ್ನು ರುಮೇನಿಯ ಮತ್ತು ಹಂಗೆರಿ ದೇಶಗಳ ರಂಗಮಂದಿರಗಳಲ್ಲಿ ಧ್ವನಿಮುದ್ರಿಸಿಕೊಂಡು ಕೆಲವು ಭೌತವಿಜ್ಞಾನಿಗಳು ಅಭ್ಯಾಸ ಮಾಡಿದರು. ಅವರ ಲೇಖನ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲು ಚಪ್ಪಾಳೆ ಮಳೆಯಂತೆ ಗದ್ದಲವಾಗಿ ಸುರಿಯುತ್ತದೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತಾರೆ, ಆಗ ಇಡೀ ಸಭೆಯ ಚಪ್ಪಾಳೆ ಒಂದಾಗುತ್ತದೆ. ಇನ್ನಷ್ಟು ಸದ್ದು ಮಾಡೋಣವೆಂದು ಉತ್ಸಾಹದಿಂದ ವೇಗ ಹೆಚ್ಚಿಸಿದೊಡನೆ ಕೂಡಿದ ತಾಳ ಮತ್ತೆ ಚದರಿಹೋಗುತ್ತದೆ. ಈ ಲೇಖನದ ಕರ್ತೃಗಳಲ್ಲಿ ಒಬ್ಬರಾದ ಹಂಗೆರಿಯ ಟಮಾಶ್ ವಿಚೆಕ್ ಅವರ ಹೆಸರು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರುತ್ತದೆ.

ನಮ್ಮ ಇಂದಿನ ವಿಷಯ ಮನುಷ್ಯರಲ್ಲ, ಕಂಪ್ಯೂಟರಿನೊಳಗಿನ ಸಣ್ಣ ಸಣ್ಣ ಪ್ರೋಗ್ರಾಮುಗಳು. ಇವನ್ನು ತಂತ್ರಾಂಶ ಏಜೆಂಟುಗಳು ಎನ್ನುತ್ತಾರೆ. ಏಜೆಂಟ್ ಎಂದೊಡನೆ ನಿಮಗೆ ಮನೆಗೆ ಬರುವ ವಿಮಾ ಏಜೆಂಟರ ನೆನಪಾದರೆ ಅದೇನೂ ತಪ್ಪಲ್ಲ. ಇಲ್ಲಿಯೂ ಅರ್ಥ ಹತ್ತಿರದ್ದೇ. ತನ್ನ ಸುತ್ತಲಿನದನ್ನು ಅಷ್ಟೋ ಇಷ್ಟೋ ಗ್ರಹಿಸಿ, ಕೊಟ್ಟ ನಿಯಮದಂತೆ ತಾನೇ ನಿರ್ಧರಿಸಿ ಕೆಲಸ ಮಾಡುವ ಪ್ರೋಗ್ರಾಮಿಗೆ ಏಜೆಂಟ್ ಎಂದು ಹೆಸರು. ಒಂದೊಂದೂ ಬಹಳ ಪೆದ್ದು. ಇಡೀ ಚಿತ್ರ ಯಾವುದಕ್ಕೂ ಕಾಣದು. ನೆರೆಯವರ ಮಾತಷ್ಟೇ ಕೇಳುತ್ತದೆ. ಇಂಥ ಪೆದ್ದರ ಗುಂಪು ಒಬ್ಬ ಯಜಮಾನನ ಅಪ್ಪಣೆಯಿಲ್ಲದೆ ಒಂದು ತೀರ್ಮಾನಕ್ಕೆ ಬರುವುದು ಹೇಗೆ? ಬಂದರೆ ಆ ತೀರ್ಮಾನವನ್ನು ನಾವು ನಂಬಬಹುದೆ?

ಮೊದಲು ಕಾಗದ ಪೆನ್ಸಿಲ್ ಹಿಡಿದು ಒಂದು ಆಟ ಆಡೋಣ. ನಾಲ್ಕು ಜನ ಒಂದು ದುಂಡು ಮೇಜಿನ ಸುತ್ತ ಕುಳಿತಿದ್ದಾರೆ ಎಂದುಕೊಳ್ಳಿ. ಡಬ್ಬದಲ್ಲಿ ಎಷ್ಟು ಹುಣಿಸೆಬೀಜ ಇವೆ ಎಂದು ಒಬ್ಬೊಬ್ಬರೂ ಒಂದೊಂದು ಅಂದಾಜು ಬರೆದಿಟ್ಟುಕೊಂಡಿದ್ದಾರೆ. ಮೊದಲನೆಯವರದು 12, ಎರಡನೆಯವರದು 24, ಮೂರನೆಯವರದು 36, ನಾಲ್ಕನೆಯವರದು 48. ಎದುರಿಗಿರುವವರೊಡನೆ ಮಾತಾಡುವಂತಿಲ್ಲ. ಎಡಬಲದವರ ಚೀಟಿ ಮಾತ್ರ ನೋಡಬಹುದು. ನಿಯಮ ಇಷ್ಟೆ: ನಿಮ್ಮ ಸಂಖ್ಯೆ, ಎಡದವರ ಸಂಖ್ಯೆ, ಬಲದವರ ಸಂಖ್ಯೆ ಮೂರನ್ನೂ ಕೂಡಿ ಮೂರರಿಂದ ಭಾಗಿಸಿ, ಬಂದದ್ದನ್ನು ನಿಮ್ಮ ಹೊಸ ಸಂಖ್ಯೆಯಾಗಿ ಬರೆದುಕೊಳ್ಳಿ.

ಮೊದಲ ಸುತ್ತು ಮುಗಿದಾಗ ಚೀಟಿಗಳಲ್ಲಿ ಇರುವುದು 28, 24, 36, 32. ಎರಡನೆಯ ಸುತ್ತಿಗೆ 28, 29.33, 30.67, 32. ಮೂರನೆಯ ಸುತ್ತಿಗೆ 29.78, 29.33, 30.67, 30.22. ಅತಿ ದೊಡ್ಡ ಸಂಖ್ಯೆಗೂ ಅತಿ ಚಿಕ್ಕದಕ್ಕೂ ಇರುವ ಅಂತರವನ್ನು ಗಮನಿಸಿ. ಮೊದಲು 36 ಇತ್ತು. ಆಮೇಲೆ 12 ಆಯಿತು, ಆಮೇಲೆ 4, ಆಮೇಲೆ ಒಂದೂ ಮೂರನೇ ಒಂದು. ಪ್ರತಿ ಸುತ್ತಿಗೂ ಅಂತರ ಮೂರನೇ ಒಂದು ಭಾಗಕ್ಕೆ ಇಳಿಯುತ್ತಿದೆ. ಎಲ್ಲರೂ 30ರ ಕಡೆಗೆ ಜಾರುತ್ತಿದ್ದಾರೆ. ಆ 30 ಎಂಬ ಸಂಖ್ಯೆಯನ್ನು ಶುರುವಿನಲ್ಲಿ ಯಾರೂ ಬರೆದಿರಲಿಲ್ಲ. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದವರೂ ಯಾರಿಲ್ಲ. ಆದರೂ ನಾಲ್ವರ ಸರಿಯಾದ ಸರಾಸರಿ ಅದೇ.

ಈ ಬಗೆಯ ಲೆಕ್ಕವನ್ನು ಕ್ರಮವಾಗಿ ನಿರೂಪಿಸಿದವರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ ಪ್ರಮುಖರು. ಅವರ ಲೇಖನ 1974ರದು. ತಜ್ಞರು ಒಬ್ಬರ ಅಭಿಪ್ರಾಯಕ್ಕೆ ಮತ್ತೊಬ್ಬರು ಇಷ್ಟಿಷ್ಟು ತೂಕ ಕೊಡುತ್ತ ಹೋದರೆ ಒಮ್ಮತ ಹೇಗೆ ಮೂಡುತ್ತದೆ ಎಂದು ಅವರು ವಿಚಾರ ಮಾಡಿದ್ದರು. ಕಂಪ್ಯೂಟರಿನವರು ಅದನ್ನು ಆಮೇಲೆ ತಮ್ಮದಾಗಿಸಿಕೊಂಡರು.

ಈ ಆಟದಲ್ಲಿ ಒಂದು ಒಳಗುಟ್ಟು ಇದೆ. ದುಂಡು ಮೇಜನ್ನು ತೆಗೆದು ಒಂದು ಬೆಂಚು ಹಾಕಿ, ಮೂವರನ್ನು ಸಾಲಾಗಿ ಕೂರಿಸಿ. ಎರಡು ತುದಿಯವರೂ 7 ಎನ್ನುತ್ತಾರೆ, ನಡುವಿನವರು 28 ಎನ್ನುತ್ತಾರೆ. ಸರಾಸರಿ 14 ಆಗಬೇಕು. ಆದರೆ ಅದೇ ನಿಯಮದಂತೆ ಆಡಿ ನೋಡಿ: ಮೂವರೂ ಕೊನೆಗೆ 16ಕ್ಕೆ ಬಂದು ನಿಲ್ಲುತ್ತಾರೆ. ಏಕೆಂದರೆ ನಡುವಿನವರಿಗೆ ಎರಡು ಕಡೆ ನೆರೆಯವರು, ತುದಿಯವರಿಗೆ ಒಂದೇ ಕಡೆ. ನಡುವಿನವರ ಮಾತು ಹೆಚ್ಚು ಕಿವಿಗೆ ಬೀಳುತ್ತದೆ, ಅಷ್ಟರಮಟ್ಟಿಗೆ ಅದರ ತೂಕವೂ ಹೆಚ್ಚು. ಯಜಮಾನನನ್ನು ನಾವು ನೇಮಿಸಲಿಲ್ಲ. ಕುಳಿತ ಜಾಗವೇ ಒಬ್ಬರನ್ನು ಅರೆ ಯಜಮಾನನನ್ನಾಗಿ ಮಾಡಿತು. ಯಜಮಾನನೇ ಇಲ್ಲದ ವ್ಯವಸ್ಥೆ ಎಂದು ಯಾರಾದರೂ ಹೇಳಿದಾಗ, ನಡುವೆ ಕುಳಿತವರು ಯಾರು ಎಂದು ಒಮ್ಮೆ ಕೇಳುವುದು ಒಳ್ಳೆಯದು.

ಇನ್ನು ಹಕ್ಕಿಗಳ ಮಾತಿಗೆ ಬರೋಣ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ಪರದೆಯ ಮೇಲೆ ಹಾರುವ ಹಕ್ಕಿಗಳಿಗೆ ಮೂರೇ ನಿಯಮ ಕೊಟ್ಟರು. ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ. ಪಕ್ಕದವರು ಹೋಗುವ ದಿಕ್ಕಿಗೆ ನೀನೂ ಹೊರಳು. ಪಕ್ಕದವರಿಂದ ತೀರ ದೂರ ಹೋಗಬೇಡ. ಇಷ್ಟರಿಂದಲೇ ನಿಜವಾದ ಹಿಂಡಿನಂತೆ ಅವು ಕಂಬವನ್ನು ಬಳಸಿ, ಒಡೆದು, ಮತ್ತೆ ಕೂಡಿ ಹಾರಿದವು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದ ಬಾವಲಿಗಳ ಹಿಂಡು ಇದೇ ವಿಧಾನದಿಂದ ಹುಟ್ಟಿದ್ದು. 1995ರಲ್ಲಿ ವಿಚೆಕ್ ಮತ್ತು ಸಂಗಡಿಗರು ಇದನ್ನು ಇನ್ನೂ ಸರಳಗೊಳಿಸಿದರು. ಒಂದೇ ವೇಗದಲ್ಲಿ ಚಲಿಸುವ ಚುಕ್ಕೆಗಳು, ಪ್ರತಿಯೊಂದೂ ತನ್ನ ಸಮೀಪದ ಚುಕ್ಕೆಗಳ ಸರಾಸರಿ ದಿಕ್ಕನ್ನು ಹಿಡಿಯುತ್ತದೆ, ಜೊತೆಗೆ ಅಲ್ಪಸ್ವಲ್ಪ ತಪ್ಪು ಸೇರುತ್ತದೆ. ತಪ್ಪು ಹೆಚ್ಚಿದ್ದಾಗ ಚುಕ್ಕೆಗಳು ಸಂತೆಯ ಜನರಂತೆ ಅಡ್ಡಾದಿಡ್ಡಿ. ತಪ್ಪು ಕಡಿಮೆಯಾಗಿ ಚುಕ್ಕೆಗಳು ಒತ್ತಾಗಿದ್ದರೆ ಎಲ್ಲವೂ ಒಂದೇ ದಿಕ್ಕಿಗೆ ಹೊರಡುತ್ತವೆ. ಯಾವ ದಿಕ್ಕಿಗೆ ಎಂದು ಮುಂಚೆಯೇ ಹೇಳಲು ಬಾರದು.

ಹಾರುವಾಗ ನೆರೆಯವರು ಬದಲಾಗುತ್ತಲೇ ಇರುತ್ತಾರಲ್ಲ, ಆಗಲೂ ಒಮ್ಮತ ಖಚಿತವೆ? ಈ ಪ್ರಶ್ನೆಗೆ 2003ರಲ್ಲಿ ಜದ್ಬಬಾಯಿ, ಲಿನ್ ಮತ್ತು ಮೋರ್ಸ್ ಎಂಬ ಮೂವರು ಗಣಿತದ ಉತ್ತರ ಕೊಟ್ಟರು. ಎಲ್ಲರೂ ಎಲ್ಲ ಹೊತ್ತಿನಲ್ಲಿಯೂ ಸಂಪರ್ಕದಲ್ಲಿ ಇರಬೇಕಾಗಿಲ್ಲ. ಆಗಾಗ ಕಾಲಾವಧಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟಿ ಎಲ್ಲರನ್ನೂ ಮುಟ್ಟುವಂತಿದ್ದರೆ ಸಾಕು. ಇವತ್ತು ಸಂತೆಯಲ್ಲಿ ಸಿಕ್ಕವರು, ನಾಳೆ ಬಸ್ಸಿನಲ್ಲಿ ಸಿಕ್ಕವರು, ಹೀಗೆ ಮಾತು ಊರನ್ನು ಸುತ್ತಿಬರುವಂತೆ. ಸಂಪರ್ಕ ಪೂರ್ತಿ ಕಡಿದರೆ ಮಾತ್ರ ಗುಂಪು ಎರಡಾಗಿ, ಎರಡೂ ಬೇರೆ ಬೇರೆ ಒಮ್ಮತಕ್ಕೆ ಬರುತ್ತವೆ. ತಮ್ಮದೇ ಎಲ್ಲರ ಒಮ್ಮತ ಎಂದು ಎರಡೂ ತಿಳಿದಿರುತ್ತವೆ.

ಇಲ್ಲಿ ಒಂದು ಮಾತು. ಹಬ್ಬ ಉತ್ಸವಗಳಲ್ಲಿ ಆಕಾಶದಲ್ಲಿ ನೂರಾರು ಡ್ರೋನುಗಳು ದೀಪ ಹೊತ್ತು ಚಿತ್ತಾರ ಬಿಡಿಸುವುದನ್ನು ನೀವು ನೋಡಿರಬಹುದು. ಅವು ಪರಸ್ಪರ ಮಾತಾಡಿಕೊಂಡು ಹಾಗೆ ಮಾಡುತ್ತವೆ ಎಂದು ಹಲವರು ನಂಬಿದ್ದಾರೆ. ಬಹುಪಾಲು ಪ್ರದರ್ಶನಗಳಲ್ಲಿ ಹಾಗಿಲ್ಲ. ಪ್ರತಿ ಡ್ರೋನಿನ ದಾರಿಯನ್ನೂ ನೆಲದ ಮೇಲಿನ ಒಂದು ಕಂಪ್ಯೂಟರ್ ಮೊದಲೇ ಬರೆದು ಕೊಟ್ಟಿರುತ್ತದೆ. ಅದು ಕವಾಯತು, ಹಿಂಡಲ್ಲ.

ಮತ್ತೆ ದುಂಡು ಮೇಜಿಗೆ ಬನ್ನಿ. ಈ ಸಲ ನಾಲ್ಕನೆಯವರು ಹಠಮಾರಿ. ಯಾರು ಏನೇ ಹೇಳಲಿ, ಅವರ ಚೀಟಿಯಲ್ಲಿ ಯಾವಾಗಲೂ 48. ಉಳಿದ ಮೂವರು ಪ್ರಾಮಾಣಿಕರು, ನಿಯಮ ಬಿಡುವವರಲ್ಲ. ಏನಾಗುತ್ತದೆ? ನಿಧಾನವಾಗಿ, ಆದರೆ ತಪ್ಪದೆ, ಮೂವರೂ 48ಕ್ಕೆ ಬರುತ್ತಾರೆ. ಇದರಲ್ಲಿ ಮೋಸವೂ ಬೇಕಿಲ್ಲ. ಅವರ ಉಷ್ಣಮಾಪಕ ಕೆಟ್ಟು 48ರಲ್ಲಿ ನಿಂತಿದ್ದರೂ ಸಾಕು. ಎಲ್ಲರಿಗಿಂತ ಕಡಿಮೆ ಕೇಳಿಸಿಕೊಳ್ಳುವವರ ಮಾತೇ ಎಲ್ಲರ ಮಾತಾಗುತ್ತದೆ. ಸರಾಸರಿ ತೆಗೆಯುವ ಸಜ್ಜನಿಕೆಯ ದೌರ್ಬಲ್ಯ ಇದು.

ಸಂಖ್ಯೆಯಾದರೆ ನಡುವಿನ ದಾರಿ ಉಂಟು. ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾದಾಗ ನಡುವಿನ ದಾರಿಯೂ ಇಲ್ಲ. ಕೆಲವು ವರ್ಷಗಳ ಹಿಂದೆ ನಾನೊಮ್ಮೆ ಎಟಿಎಂ ಮುಂದೆ ನಿಂತು 5,000 ರೂಪಾಯಿ ಕೇಳಿದೆ. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿ ಸುಮ್ಮನಾಯಿತು. ಹಣ ಬರಲಿಲ್ಲ. ಮೊಬೈಲಿಗೆ ಮಾತ್ರ ಹಣ ಕಡಿತವಾದ ಸಂದೇಶ ಬಂತು. ಮಗಳ ಶುಲ್ಕ ಕಟ್ಟಲು ಅದು ಕೊನೆಯ ದಿನ. ಬ್ಯಾಂಕಿನ ಕಿಟಕಿಯಲ್ಲಿ ಅರ್ಜಿ ಬರೆದುಕೊಟ್ಟೆ, ಆರು ದಿನಗಳ ಮೇಲೆ ಹಣ ಖಾತೆಗೆ ಹಿಂತಿರುಗಿತು. ಯಾರೂ ಕಳ್ಳತನ ಮಾಡಿರಲಿಲ್ಲ. "ಕೊಡು" ಎಂಬ ಅಪ್ಪಣೆ ಒಂದು ಕಡೆಯಿಂದ ಹೊರಟಿತ್ತು, "ಕೊಟ್ಟೆ" ಅಥವಾ "ಕೊಡಲಿಲ್ಲ" ಎಂಬ ಉತ್ತರ ದಾರಿಯಲ್ಲಿ ಕಳೆದುಹೋಗಿತ್ತು. ಎರಡು ಯಂತ್ರಗಳು ಒಂದು ಸಣ್ಣ ಸಂಗತಿಯ ಬಗ್ಗೆ ಒಪ್ಪಿಕೊಳ್ಳಲಾರದೆ ನಿಂತಿದ್ದವು.

ಕಂಪ್ಯೂಟರ್ ವಿಜ್ಞಾನದಲ್ಲಿ ಇದನ್ನು ಇಬ್ಬರು ದಂಡನಾಯಕರ ಕತೆಯಾಗಿ ಹೇಳುವ ವಾಡಿಕೆ 1970ರ ದಶಕದಿಂದ ಇದೆ. ಕಣಿವೆಯಲ್ಲಿ ಶತ್ರು, ಎರಡು ಬೆಟ್ಟಗಳ ಮೇಲೆ ಇಬ್ಬರು ದಂಡನಾಯಕರು. ಕೂಡಿ ನುಗ್ಗಿದರೆ ಗೆಲುವು, ಒಬ್ಬರೇ ನುಗ್ಗಿದರೆ ಸೋಲು. ದೂತ ಕಣಿವೆಯನ್ನು ದಾಟಿಯೇ ಹೋಗಬೇಕು, ಸಿಕ್ಕಿಬೀಳಬಹುದು. "ನಾಳೆ ಬೆಳಿಗ್ಗೆ" ಎಂದು ಒಬ್ಬರು ಹೇಳಿಕಳಿಸಿದರು. ಅದು ತಲಪಿತೆಂದು ತಿಳಿಯದೆ ಅವರು ಹೊರಡಲಾರರು. "ತಲಪಿತು" ಎಂದು ಇನ್ನೊಬ್ಬರು ಹೇಳಿಕಳಿಸಿದರು. ಆ ಉತ್ತರ ತಲಪಿತೆಂದು ತಿಳಿಯದೆ ಇವರು ಹೊರಡಲಾರರು. ಎಷ್ಟು ದೂತರು ಓಡಾಡಿದರೂ ಕೊನೆಯ ದೂತನ ಬಗ್ಗೆ ಸಂಶಯ ಉಳಿದೇ ಉಳಿಯುತ್ತದೆ. ಸಂದೇಶ ಕಳೆದುಹೋಗಬಹುದಾದ ದಾರಿಯಲ್ಲಿ ಇಬ್ಬರಿಗೂ ಪೂರ್ಣ ಖಾತರಿಯಾಗುವ ಒಪ್ಪಂದ ಸಾಧ್ಯವೇ ಇಲ್ಲ ಎಂಬುದು ಸಿದ್ಧವಾದ ಮಾತು.

ಇನ್ನು ದಂಡನಾಯಕರಲ್ಲೇ ಒಬ್ಬ ದ್ರೋಹಿಯಾದರೆ? ಈ ಪ್ರಶ್ನೆ ಹುಟ್ಟಿದ್ದು ವಿಮಾನದಿಂದ. ಅಮೆರಿಕದ ನಾಸಾ ಸಂಸ್ಥೆಗಾಗಿ ಎಸ್‌ಆರ್‌ಐ ಎಂಬ ಸಂಶೋಧನಾಲಯದವರು ವಿಮಾನ ನಡೆಸುವ ಕಂಪ್ಯೂಟರನ್ನು ಕಟ್ಟುತ್ತಿದ್ದರು. ಒಂದು ಕೆಟ್ಟರೂ ಉಳಿದವು ಕೆಲಸ ಮಾಡಲಿ ಎಂದು ಹಲವು ಕಂಪ್ಯೂಟರುಗಳನ್ನು ಜೊತೆಯಾಗಿ ಇಡುವುದು ಯೋಜನೆ. ಮೂರಿದ್ದರೆ ಬಹುಮತದಿಂದ ನಿರ್ಧರಿಸಬಹುದು ಎಂದು ಯಾರಿಗಾದರೂ ತೋಚುತ್ತದೆ. ಅಲ್ಲಿನ ಪೀಸ್, ಶೋಸ್ಟಾಕ್ ಮತ್ತು ಲ್ಯಾಂಪೋರ್ಟ್ ಮೂರು ಸಾಲದು, ನಾಲ್ಕು ಬೇಕು ಎಂದು 1980ರಲ್ಲಿ ತೋರಿಸಿದರು. 1982ರಲ್ಲಿ ಅದನ್ನೇ ಬೈಜಾಂಟಿಯಮ್ಮಿನ ದಂಡನಾಯಕರ ಕತೆಯಾಗಿ ಮತ್ತೆ ಬರೆದರು.

ಏಕೆ ಮೂರು ಸಾಲದು? ಒಬ್ಬ ಸೇನಾಪತಿ, ಇಬ್ಬರು ಅಧಿಕಾರಿಗಳು ಎಂದುಕೊಳ್ಳಿ. ನೀವು ಮೊದಲನೆಯ ಅಧಿಕಾರಿ. ಸೇನಾಪತಿ ನಿಮಗೆ "ನುಗ್ಗು" ಎಂದು ಹೇಳಿದ್ದಾರೆ. ಎರಡನೆಯ ಅಧಿಕಾರಿ ಬಂದು "ನನಗೆ ಹಿಂದೆ ಸರಿ ಎಂದು ಹೇಳಿದರಲ್ಲ" ಎನ್ನುತ್ತಾರೆ. ಸುಳ್ಳು ಹೇಳುತ್ತಿರುವುದು ಸೇನಾಪತಿಯೋ ಆ ಅಧಿಕಾರಿಯೋ? ತಿಳಿಯುವ ದಾರಿಯೇ ನಿಮಗಿಲ್ಲ. ಇನ್ನೊಬ್ಬ ಅಧಿಕಾರಿಯನ್ನು ಸೇರಿಸಿ. ಈಗ ಪ್ರತಿ ಅಧಿಕಾರಿಯೂ ತನಗೆ ಬಂದ ಅಪ್ಪಣೆಯನ್ನು ಇತರ ಇಬ್ಬರಿಗೆ ತಿಳಿಸುತ್ತಾನೆ. ಹೀಗೆ ಪ್ರತಿಯೊಬ್ಬರ ಕೈಯಲ್ಲಿ ಮೂರು ವರದಿ. ಒಬ್ಬ ಅಧಿಕಾರಿ ಸುಳ್ಳನಾದರೆ ಉಳಿದವರ ಬಳಿ ಎರಡು ನಿಜ, ಒಂದು ಸುಳ್ಳು. ಬಹುಮತ ನಿಜಕ್ಕೆ. ಸೇನಾಪತಿಯೇ ಸುಳ್ಳನಾದರೆ ಮೂವರು ಅಧಿಕಾರಿಗಳ ಬಳಿಯೂ ಅದೇ ಮೂರು ವರದಿ ಇರುವುದರಿಂದ ಮೂವರ ಬಹುಮತವೂ ಒಂದೇ. ಸೇನಾಪತಿ ಕೆಟ್ಟರೂ ಅವರ ನಡುವೆ ಒಡಕಿಲ್ಲ. ಇಬ್ಬರು ದ್ರೋಹಿಗಳಾದರೆ ಏಳು ಜನ ಬೇಕು, ಮೂವರಾದರೆ ಹತ್ತು. ಅಂದರೆ ದ್ರೋಹಿಗಳು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಸಂದೇಶಗಳಿಗೆ ನಕಲಿಸಲಾಗದ ಸಹಿ ಇಲ್ಲದಿರುವಾಗಿನ ಲೆಕ್ಕ ಇದು.

1985ರಲ್ಲಿ ಇನ್ನೂ ಕಹಿಯಾದ ಒಂದು ಫಲಿತಾಂಶ ಪ್ರಕಟವಾಯಿತು. ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ ಹೇಳಿದ್ದು ಇಷ್ಟು: ಸಂದೇಶ ಎಷ್ಟು ಹೊತ್ತಿಗೆ ತಲಪುತ್ತದೆ ಎಂಬುದಕ್ಕೆ ಗಡುವೇ ಇಲ್ಲದ ಜಾಲದಲ್ಲಿ ಒಂದೇ ಒಂದು ಕಂಪ್ಯೂಟರ್ ನಿಂತುಹೋಗುವ ಸಂಭವವಿದ್ದರೂ, ತಪ್ಪದೆ ತೀರ್ಮಾನಕ್ಕೆ ತಲಪಿಸುವ ಗಟ್ಟಿ ನಿಯಮಾವಳಿ ಇರಲಾರದು. ಉತ್ತರ ಬಾರದ ಕಂಪ್ಯೂಟರ್ ಸತ್ತಿದೆಯೋ ಬರೀ ನಿಧಾನವೋ ಎಂದು ದೂರದಿಂದ ಹೇಳಲು ಬಾರದು. ತೊಂದರೆಯೆಲ್ಲ ಅಲ್ಲಿಯೇ.

ಹಾಗಾದರೆ ನಮ್ಮ ಬ್ಯಾಂಕು, ರೈಲ್ವೆ ಟಿಕೆಟುಗಳು ನಡೆಯುವುದು ಹೇಗೆ? ಎರಡು ಉಪಾಯಗಳಿಂದ. ಮೊದಲನೆಯದು ಬಹುಮತದ ಒಂದು ಸೊಗಸಾದ ಗುಣ. ಐದು ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕದ ಪುಸ್ತಕದ ಐದು ಪ್ರತಿಗಳಿವೆ ಎನ್ನಿ. ಯಾವ ಬದಲಾವಣೆಗೂ ಕನಿಷ್ಠ ಮೂರರ ಒಪ್ಪಿಗೆ ಬೇಕೆಂದು ನಿಯಮ ಮಾಡಿದರೆ, ಇಂದಿನ ಮೂರು ಮತ್ತು ನಾಳಿನ ಮೂರು ಎಷ್ಟೇ ಬೇರೆ ಬೇರೆಯಾಗಿದ್ದರೂ ಒಂದು ಕಂಪ್ಯೂಟರಾದರೂ ಎರಡರಲ್ಲೂ ಇದ್ದೇ ಇರುತ್ತದೆ. ಐದರಲ್ಲಿ ಮೂರನ್ನು ಎರಡು ಸಲ ಆರಿಸಿ ನೋಡಿ, ತಪ್ಪಿಸಲು ಸಾಧ್ಯವಿಲ್ಲ. ಆ ಒಂದು ಕಂಪ್ಯೂಟರು ನಿನ್ನೆ ಏನಾಯಿತೆಂದು ಇವತ್ತಿನವರಿಗೆ ಹೇಳುತ್ತದೆ. ಲ್ಯಾಂಪೋರ್ಟ್ ಈ ವಿಧಾನವನ್ನು ಪ್ಯಾಕ್ಸೋಸ್ ಎಂಬ ಗ್ರೀಕ್ ದ್ವೀಪದ ಕಾಲ್ಪನಿಕ ಶಾಸನಸಭೆಯ ಕತೆಯಾಗಿ ಬರೆದು 1990ರಲ್ಲಿ ಪತ್ರಿಕೆಗೆ ಕಳಿಸಿದರು. ಕತೆಯನ್ನು ತೆಗೆದುಹಾಕಿ ಎಂದರು ಪರಿಶೀಲಕರು. ಅವರು ತೆಗೆಯಲಿಲ್ಲ. ಲೇಖನ ಅಚ್ಚಾಗಲು 1998 ಬರಬೇಕಾಯಿತು. ಕತೆ ಚೆನ್ನಾಗಿದ್ದರೂ ಪರಿಶೀಲಕರ ಬೇಸರ ನನಗೆ ಅರ್ಥವಾಗುತ್ತದೆ. ಆ ಶಾಸನಸಭೆಯ ಗ್ರೀಕ್ ಹೆಸರುಗಳ ನಡುವೆ ನಿಯಮವನ್ನು ಹುಡುಕುವುದು ಸುಲಭವಲ್ಲ.

ಎರಡನೆಯ ಉಪಾಯ ಚೀಟಿ ಎತ್ತುವುದು. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದ 'ರಾಫ್ಟ್' ಎಂಬ ವಿಧಾನದಲ್ಲಿ ಕಂಪ್ಯೂಟರುಗಳು ತಮ್ಮೊಳಗೇ ತಾತ್ಕಾಲಿಕ ಮುಖಂಡನನ್ನು ಆರಿಸಿಕೊಳ್ಳುತ್ತವೆ. ಮುಖಂಡನ ಸದ್ದು ನಿಂತರೆ ಉಳಿದವು ಒಂದಿಷ್ಟು ಕಾದು, ಆಮೇಲೆ "ನಾನು ನಿಲ್ಲುತ್ತೇನೆ, ಮತ ಕೊಡಿ" ಎನ್ನುತ್ತವೆ. ಎಲ್ಲವೂ ಒಂದೇ ಹೊತ್ತು ಕಾದರೆ ಎಲ್ಲವೂ ಒಟ್ಟಿಗೇ ಎದ್ದು ನಿಂತು ಮತ ಹಂಚಿಹೋಗುತ್ತದೆ. ಬಾಗಿಲಲ್ಲಿ ಇಬ್ಬರು "ನೀವು ಮೊದಲು, ನೀವು ಮೊದಲು" ಎನ್ನುತ್ತ ನಿಲ್ಲುವ ಹಾಗೆ. ಅದಕ್ಕೆ ಪ್ರತಿ ಕಂಪ್ಯೂಟರೂ ಮನಸ್ಸಿಗೆ ಬಂದಷ್ಟು ಹೊತ್ತು ಕಾಯಲಿ ಎಂದು ಬಿಟ್ಟರು. ಮೂಲ ಲೇಖನದಲ್ಲಿ ಸೂಚಿಸಿದ್ದು 150ರಿಂದ 300 ಮಿಲಿಸೆಕೆಂಡ್. ಅಷ್ಟು ಸಣ್ಣ ವ್ಯತ್ಯಾಸದಿಂದಲೇ ಒಬ್ಬ ಮೊದಲು ಏಳುತ್ತಾನೆ, ಚುನಾವಣೆ ಮುಗಿಯುತ್ತದೆ.

ಇಷ್ಟು ಹೊತ್ತು ಲೆಕ್ಕದ ಪುಸ್ತಕದ ಮಾತಾಯಿತು. ಇನ್ನು ಹೆಸರಿಡುವ ಮಾತು. ಒಂದು ವಸ್ತುವಿಗೆ ಏನೆಂದು ಕರೆಯಬೇಕೆಂದು ಒಪ್ಪಿಕೊಳ್ಳುವಲ್ಲಿ ಸರಿ ತಪ್ಪು ಎಂಬುದಿಲ್ಲ, ಎಲ್ಲರೂ ಒಂದೇ ಹೆಸರು ಹಿಡಿದರೆ ಸಾಕು. 1990ರ ದಶಕದ ಮಧ್ಯದಲ್ಲಿ ಬೆಲ್ಜಿಯಮ್ಮಿನ ಲ್ಯೂಕ್ ಸ್ಟೀಲ್ಸ್ ತಂತ್ರಾಂಶ ಏಜೆಂಟುಗಳಿಗೆ ಈ ಆಟ ಕಲಿಸಿದರು. 2006ರಲ್ಲಿ ಬರೋಂಕೆಲ್ಲಿ, ಸ್ಟೀಲ್ಸ್ ಮತ್ತು ಸಂಗಡಿಗರು ಅದರ ನಿಯಮವನ್ನು ಅತಿ ಸರಳಗೊಳಿಸಿದರು. ಇಬ್ಬರು ಏಜೆಂಟರು ಅಕಸ್ಮಾತ್ ಎದುರಾಗುತ್ತಾರೆ. ಒಬ್ಬ ತನ್ನ ನೆನಪಿನಿಂದ ಒಂದು ಹೆಸರು ಹೇಳುತ್ತಾನೆ. ಇಲ್ಲದಿದ್ದರೆ ಹೊಸದನ್ನು ಹುಟ್ಟಿಸುತ್ತಾನೆ. ಕೇಳಿದವನಿಗೆ ಅದು ಗೊತ್ತಿದ್ದರೆ ಇಬ್ಬರೂ ಬೇರೆ ಹೆಸರುಗಳನ್ನೆಲ್ಲ ಮರೆತುಬಿಡುತ್ತಾರೆ. ಗೊತ್ತಿಲ್ಲದಿದ್ದರೆ ಕೇಳಿದವನು ಅದನ್ನು ನೆನಪಿಗೆ ಸೇರಿಸಿಕೊಳ್ಳುತ್ತಾನೆ. ಮೊದಮೊದಲು ಹೆಸರುಗಳ ಜಾತ್ರೆ. ಬಹಳ ಹೊತ್ತು ಏನೂ ತೀರ್ಮಾನವಾಗದಂತೆ ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ಹೆಸರು ಗೆದ್ದು ಉಳಿದವು ಅಳಿಸಿಹೋಗುತ್ತವೆ.

ನಮ್ಮ ಭಾಷೆಯಲ್ಲಿ ಇದು ಕಣ್ಣೆದುರೇ ನಡೆದಿದೆ. 'ಗಣಕಯಂತ್ರ' ಎಂಬ ಒಳ್ಳೆಯ ಪದವನ್ನು ಪಂಡಿತರು ಕೊಟ್ಟರು. ಜನ 'ಕಂಪ್ಯೂಟರ್' ಎಂದರು. ಅದೇ ಹೊತ್ತಿಗೆ ಬಂದ 'ತಂತ್ರಾಂಶ' ಮಾತ್ರ ಅಚ್ಚಿನಲ್ಲಾದರೂ ನಿಂತಿತು. 'ಆಕಾಶವಾಣಿ'ಯ ಕತೆ ಬೇರೆ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಕೇಂದ್ರದ ಹೆಸರು ಅದು. ಮುಂದೆ ದೇಶದ ಬಾನುಲಿಗೇ ಸರ್ಕಾರದ ತೀರ್ಮಾನದಿಂದ ಅದೇ ಹೆಸರಾಯಿತು. ಅದು ಮೇಲಿನಿಂದ ಬಂದ ಒಪ್ಪಿಗೆ. ಕೆಳಗೆ, ಮನೆಗಳಲ್ಲಿ, ಪೆಟ್ಟಿಗೆಯ ಹೆಸರು 'ರೇಡಿಯೊ' ಎಂದೇ ಉಳಿಯಿತು. ಎರಡು ಬಗೆಯ ಒಮ್ಮತಗಳೂ ಜಗಳವಿಲ್ಲದೆ ಒಂದೇ ಮನೆಯಲ್ಲಿ ಬಾಳಿದವು.

ಈ ಹೆಸರಿನ ಆಟಕ್ಕೂ ಹಠಮಾರಿಗಳನ್ನು ತಂದು ನೋಡಿದ್ದಾರೆ. ಗುಂಪೆಲ್ಲ ಒಂದು ಹೆಸರಿಗೆ ಒಗ್ಗಿದ ಮೇಲೆ, ಬೇರೆ ಹೆಸರನ್ನು ಎಂದೂ ಬಿಡದ ಕೆಲವರನ್ನು ಸೇರಿಸಿದರೆ ಗುಂಪು ಮಗುಚುವುದೆ? ಅಮೆರಿಕದ ಸಂಶೋಧಕರು 2011ರಲ್ಲಿ ಕಂಡುಕೊಂಡಂತೆ, ಎರಡು ಹೆಸರುಗಳ ಸರಳ ಆಟದಲ್ಲಿ ಹಠಮಾರಿಗಳು ಸುಮಾರು ನೂರಕ್ಕೆ ಹತ್ತರಷ್ಟನ್ನು ದಾಟಿದೊಡನೆ ಇಡೀ ಗುಂಪು ಬೇಗನೆ ಅವರ ಕಡೆಗೆ ಹೊರಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ದೊಡ್ಡ ಗುಂಪಿನಲ್ಲಿ ಎಷ್ಟು ಕಾದರೂ ಹೊರಳುವುದಿಲ್ಲವೆಂದೇ ಹೇಳಬೇಕು. ನಿಜವಾದ ಮನುಷ್ಯರ ಗುಂಪುಗಳ ಮೇಲೆ ಇಂಥದೇ ಪ್ರಯೋಗ ಮಾಡಿದ 2018ರ ಒಂದು ಅಭ್ಯಾಸದಲ್ಲಿ ಈ ಮಿತಿ ಸುಮಾರು ನೂರಕ್ಕೆ ಇಪ್ಪತ್ತೈದು ಎಂದು ಕಂಡುಬಂತು.

ಒಪ್ಪುವುದೂ ಸರಿಯಾದದ್ದನ್ನು ಒಪ್ಪುವುದೂ ಒಂದೇ ಅಲ್ಲವಷ್ಟೆ. ಈ ಎರಡನ್ನೂ ಕೂಡಿಸಿಕೊಂಡಿರುವುದು ಜೇನುನೊಣ. ಗೂಡು ಪಾಲಾದಾಗ ಸಾವಿರಾರು ನೊಣಗಳು ಒಂದು ಕೊಂಬೆಗೆ ಜೋತುಬೀಳುತ್ತವೆ. ಅವುಗಳಲ್ಲಿ ಕೆಲವು ನೂರು ಮಾತ್ರ ಹೊಸ ಪೊಟರೆ ಹುಡುಕಲು ಹೋಗುತ್ತವೆ. ಇದನ್ನು ಮೊದಲು ಗುರುತಿಸಿದವರು ಜರ್ಮನಿಯ ಮಾರ್ಟಿನ್ ಲಿಂಡೌವರ್, ಹಲವು ವರ್ಷ ಅಳೆದು ತೂಗಿದವರು ಅಮೆರಿಕದ ಥಾಮಸ್ ಸೀಲಿ. ಹುಡುಕಿ ಬಂದ ನೊಣ ಕುಣಿದು ಜಾಗ ತಿಳಿಸುತ್ತದೆ. ಜಾಗ ಚೆನ್ನಾಗಿದ್ದಷ್ಟೂ ಹೆಚ್ಚು ಹೊತ್ತು ಕುಣಿಯುತ್ತದೆ. ಆ ಕುಣಿತ ನೋಡಿದ ನೊಣ ಕೂಡಲೇ ತಾನೂ ಕುಣಿಯುವುದಿಲ್ಲ. ಹಾರಿ ಹೋಗಿ ಪೊಟರೆಯೊಳಗೆ ತಾನೇ ನಡೆದಾಡಿ ನೋಡಿ ಬಂದು, ತನಗೆ ಕಂಡಷ್ಟು ಕುಣಿಯುತ್ತದೆ. ಇನ್ನೊಂದು ವಿಷಯ, ಪ್ರತಿ ನೊಣವೂ ಪ್ರತಿ ಸಲ ಮರಳಿದಾಗ ಮೊದಲಿಗಿಂತ ಕಡಿಮೆ ಕುಣಿದು ಕೊನೆಗೆ ಸುಮ್ಮನಾಗುತ್ತದೆ. ಹಠಕ್ಕೆ ಅಲ್ಲಿ ಅವಕಾಶವೇ ಇಲ್ಲ. ದುಂಡು ಮೇಜಿನ ನಮ್ಮ ನಾಲ್ವರಲ್ಲಿ ಒಬ್ಬರೂ ಎದ್ದು ಹೋಗಿ ಡಬ್ಬದೊಳಗಿನ ಹುಣಿಸೆಬೀಜ ಎಣಿಸಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಡಬ್ಬದಲ್ಲಿ 70 ಬೀಜಗಳಿದ್ದರೂ ಅವರು 30ಕ್ಕೇ ಒಪ್ಪುತ್ತಿದ್ದರು.

ಈ ಮಾತನ್ನು ಇಷ್ಟು ಎಳೆಯಲು ಕಾರಣವಿದೆ. ಈಗಿನ ಏಜೆಂಟುಗಳು ಚುಕ್ಕೆಗಳಲ್ಲ, ಮಾತು ಬಲ್ಲವು. ಮನುಷ್ಯರ ಬರಹದಿಂದ ಕಲಿತ ಭಾಷಾ ಮಾದರಿಗಳನ್ನು ಏಜೆಂಟುಗಳನ್ನಾಗಿ ಮಾಡಿ, ಒಂದು ಬರೆದದ್ದನ್ನು ಇನ್ನೊಂದು ಓದಿ, ಮತ್ತೊಂದು ತಿದ್ದುವಂತೆ ಕೆಲಸಕ್ಕೆ ಹಚ್ಚುತ್ತಿದ್ದಾರೆ. 2025ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಅಶೆರಿ, ಐಯೆಲ್ಲೊ ಮತ್ತು ಮೇಲೆ ಹೇಳಿದ ಬರೋಂಕೆಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಇಂಥ 24ರಿಂದ 200 ಏಜೆಂಟುಗಳ ಗುಂಪುಗಳಿಗೆ ಅದೇ ಹೆಸರಿನ ಆಟವನ್ನು ಕೊಟ್ಟರು. ಆರಿಸಬೇಕಾದ ಹೆಸರುಗಳು ಬರೀ ಅಕ್ಷರಗಳು. ಜೊತೆಯವನ ಆಯ್ಕೆ ಕೂಡಿಬಂದರೆ ಅಂಕ, ಇಲ್ಲದಿದ್ದರೆ ಕಡಿತ. ಪ್ರತಿಯೊಂದಕ್ಕೂ ತನ್ನ ಇತ್ತೀಚಿನ ಕೆಲವು ಭೇಟಿಗಳ ನೆನಪು ಮಾತ್ರ. ಇಡೀ ಗುಂಪಿನ ಸುದ್ದಿ ಯಾವುದಕ್ಕೂ ಗೊತ್ತಿಲ್ಲ. ಆದರೂ ಗುಂಪುಗಳು ಒಮ್ಮತಕ್ಕೆ ಬಂದವು.

ಅದರಲ್ಲಿ ಆಶ್ಚರ್ಯವೇನಿಲ್ಲ, ಪೆದ್ದ ಏಜೆಂಟುಗಳೂ ಬಂದಿದ್ದವು. ಗಮನಿಸಬೇಕಾದದ್ದು ಬೇರೆ. ಒಂದೊಂದು ಏಜೆಂಟನ್ನೂ ಒಂಟಿಯಾಗಿ ಪರೀಕ್ಷಿಸಿದಾಗ ಯಾವ ಅಕ್ಷರದ ಕಡೆಗೂ ಒಲವು ಕಾಣದಿದ್ದಾಗಲೂ, ಗುಂಪಾಗಿ ಆಡಿದಾಗ ಕೆಲವು ಅಕ್ಷರಗಳು ಆಕಸ್ಮಿಕಕ್ಕೆ ಮೀರಿ ಮತ್ತೆ ಮತ್ತೆ ಗೆದ್ದವು. ಪಕ್ಷಪಾತ ಒಬ್ಬರಲ್ಲಿಯೂ ಇರಲಿಲ್ಲ, ಮಾತುಕತೆಯಲ್ಲಿ ಹುಟ್ಟಿತು. ಸಣ್ಣ ಹಠಮಾರಿ ಗುಂಪು ಇಡೀ ಗುಂಪನ್ನು ಮಗುಚುವುದೂ ಇಲ್ಲಿ ಕಂಡುಬಂತು. ಎಷ್ಟು ಜನ ಹಠಮಾರಿಗಳು ಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗಿತ್ತು. ಅಕ್ಷರಗಳ ಆಟದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಸಾಲದ ಅರ್ಜಿಗಳನ್ನೋ ಕೆಲಸ ಕೇಳಿ ಬಂದವರ ಪಟ್ಟಿಯನ್ನೋ ಇಂಥ ಗುಂಪಿನ ಮುಂದೆ ಇಟ್ಟರೆ ಮಾತು ಬೇರೆ. ಪ್ರತಿ ಏಜೆಂಟನ್ನೂ ತಪಾಸಣೆ ಮಾಡಿದ್ದೇವೆ, ಎಲ್ಲವೂ ನಿಷ್ಪಕ್ಷಪಾತ ಎಂಬ ಪ್ರಮಾಣಪತ್ರ ಆಗ ಅರ್ಧ ಪರೀಕ್ಷೆಯದು ಮಾತ್ರ. ಗುಂಪನ್ನು ಗುಂಪಾಗಿಯೇ ಓಡಿಸಿ ನೋಡಬೇಕು, ಹತ್ತಾರು ಸಲ ನೋಡಬೇಕು, ಬೇಕೆಂದೇ ಒಂದಿಬ್ಬರು ಹಠಮಾರಿಗಳನ್ನು ಬಿಟ್ಟು ನೋಡಬೇಕು. ನನ್ನ 5,000 ರೂಪಾಯಿ ಸಿಕ್ಕಿಕೊಂಡಾಗ ಎರಡು ಕಡೆಯ ಲೆಕ್ಕವನ್ನು ತಾಳೆ ನೋಡಲು ಕಿಟಕಿಯ ಹಿಂದೆ ಒಬ್ಬ ಗುಮಾಸ್ತರಿದ್ದರು. ಏಜೆಂಟುಗಳ ಗುಂಪಿನ ತೀರ್ಮಾನದ ಮೇಲೆ ಅರ್ಜಿ ಹಾಕಬೇಕಾದರೆ ಯಾವ ಕಿಟಕಿಗೆ ಹೋಗಬೇಕೆಂಬುದನ್ನು ಅಂಥ ವ್ಯವಸ್ಥೆ ಕಟ್ಟುವವರು ಮೊದಲ ದಿನವೇ ಬರೆದಿಡಬೇಕು ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಹಬ್ಬಕ್ಕೆಂದು ಹತ್ತು ಹದಿನೈದು ಮಕ್ಕಳು ಸೇರಿದಾಗ ಈ ಹೆಸರಿನ ಆಟವನ್ನು ಆಡಿಸಿ ನೋಡಿ. ಒಂದು ವಿಚಿತ್ರವಾದ ಗೊಂಬೆಯನ್ನು ನಡುವೆ ಇಡಿ. ಇಬ್ಬಿಬ್ಬರಾಗಿ ಕಿವಿಯಲ್ಲಿ ಅದರ ಹೆಸರು ಹೇಳಿಕೊಳ್ಳಲಿ, ಕೂಡಿಬಂದರೆ ಇಬ್ಬರಿಗೂ ಒಂದೊಂದು ಕಡಲೆಮಿಠಾಯಿ. ಎಲ್ಲರೂ ಒಂದೇ ಹೆಸರಿಗೆ ಬಂದ ಮೇಲೆ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕರೆದು, ಏನೇ ಆದರೂ ಬೇರೆ ಹೆಸರನ್ನು ಬಿಡಬೇಡ ಎಂದು ಗುಟ್ಟಾಗಿ ಹೇಳಿ. ಮಿಠಾಯಿ ತಪ್ಪಿಹೋಗುತ್ತದೆಂದು ಅವಳು ಅಳದಂತೆ ಮೊದಲೇ ಕೈಗೆ ನಾಲ್ಕು ಕೊಟ್ಟಿರಿ. ಆಮೇಲೆ ಇನ್ನೊಬ್ಬನನ್ನು ಕರೆಯಿರಿ, ಆಮೇಲೆ ಮತ್ತೊಬ್ಬಳನ್ನು. ಗುಂಪು ಮಗುಚಲು ಎಷ್ಟು ಮಂದಿ ಬೇಕಾಯಿತೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.